ಗೌಡರ ಮುಖವಿಲ್ಲದ ದೃಶ್ಯ

ಕಳೆದ ಮಳೆಗಾಲದಲ್ಲಿ ಧಾರವಾಡದ ನಾವು ಐವರು ಗೆಳೆಯರು ಸೇರಿ 11 ನಿಮಿಷದ ಕಿರುಚಿತ್ರವೊಂದನ್ನು ಮಾಡಿದೆವು. ಹತ್ತಿ ಬೆಳೆ ಕೈಕೊಟ್ಟ ವರ್ಷ, ಲಾವಣಿಗೆ, ಅಂದರೆ ಗೇಣಿಗೆ ಹಿಡಿದ ಹೊಲವನ್ನು ಇನ್ನೊಂದು ವರ್ಷ ತನಗೇ ಬಿಡಬೇಕೆಂದು ಕೇಳಲು ಮುದುಕ ರೈತನೊಬ್ಬ ಗೌಡರ ವಾಡೆಗೆ ಬರುತ್ತಾನೆ. ಗೌಡರು ಹೂಂ ಎನ್ನುವುದಿಲ್ಲ, ಉಹೂಂ ಎನ್ನುವುದೂ ಇಲ್ಲ. ಕಥೆ ಇಷ್ಟೇ. ನವಲಗುಂದದ ಕಡೆಯ ಹಳ್ಳಿಯಲ್ಲಿ ಹಳೆಯ ವಾಡೆಯೊಂದು ಎರಡು ದಿನದ ಮಟ್ಟಿಗೆ ಸಿಕ್ಕಿತು. ಹುಬ್ಬಳ್ಳಿಯಿಂದ ಕ್ಯಾಮೆರಾ ಬಾಡಿಗೆಗೆ ತಂದೆವು.

ದೊಡ್ಡವರನ್ನು ಕೆಳಗಿನಿಂದ, ಸಣ್ಣವರನ್ನು ಮೇಲಿನಿಂದ ತೋರಿಸಬೇಕೆಂಬ ಪಾಠವನ್ನು ನಂಬಿ, ಮೊದಲ ದಿನ ಅಗಲಕ್ಕೆ ನೋಡುವ 24 ಎಂ.ಎಂ. ವೈಡ್ ಲೆನ್ಸ್ ಹಾಕಿದ ಕ್ಯಾಮೆರಾವನ್ನು ಗೌಡರ ಕುರ್ಚಿಯ ಬುಡದಲ್ಲೇ ಇಟ್ಟೆ. ಸಂಜೆ ಲ್ಯಾಪ್‌ಟಾಪಿನಲ್ಲಿ ನೋಡಿದರೆ ಅಲ್ಲಿ ಗೌಡರಿರಲಿಲ್ಲ, ಕಂಪನಿ ನಾಟಕದ ಖಳನಾಯಕ ಕುಳಿತಿದ್ದ. ಆ ಪಾತ್ರ ಮಾಡಿದ ಹಿರಿಯರು ಚಾಳೀಸು ಸರಿಮಾಡಿಕೊಂಡು, “ತಮ್ಮಾ, ಖರೇನ ನನ್ನ ಮೂಗು ಇಷ್ಟ ದೊಡ್ಡದೈತೇನು?” ಎಂದು ಕೇಳಿದರು.

ತಪ್ಪನ್ನು ಲೆನ್ಸಿನ ತಲೆಗೆ ಕಟ್ಟುವುದು ರೂಢಿ, ಆದರೆ ಮುಖವನ್ನು ಕೆಡಿಸುವುದು ದೂರವೇ. ಎರಡು ಅಡಿಯಿಂದ ನೋಡಿದಾಗ ಕಿವಿಗಿಂತ ಮೂಗು ಕ್ಯಾಮೆರಾಕ್ಕೆ ಬಹಳ ಹತ್ತಿರವಿರುತ್ತದೆ. ಹತ್ತು ಅಡಿಯಿಂದ ನೋಡಿದರೆ ಆ ಅಂತರ ಲೆಕ್ಕಕ್ಕೇ ಬರುವುದಿಲ್ಲ. ವೈಡ್ ಲೆನ್ಸ್ ಮಾಡುವ ಅಪರಾಧವೆಂದರೆ ಚೌಕಟ್ಟು ತುಂಬಿಸಲು ನಮ್ಮನ್ನು ಹತ್ತಿರಕ್ಕೆ ಎಳೆಯುವುದು ಮಾತ್ರ.

ಇನ್ನು ಲೋ ಆ್ಯಂಗಲ್, ಅಂದರೆ ಕೆಳಗಿನಿಂದ ನೋಡುವ ಕೋನ, ಎಂದರೆ ಅಧಿಕಾರ ಎಂಬ ಸೂತ್ರ. 1941ರ ‘ಸಿಟಿಜನ್ ಕೇನ್’ ಚಿತ್ರಕ್ಕಾಗಿ ನಿರ್ದೇಶಕ ಆರ್ಸನ್ ವೆಲ್ಸ್ ಮತ್ತು ಛಾಯಾಗ್ರಾಹಕ ಗ್ರೆಗ್ ಟೋಲೆಂಡ್ ಸ್ಟುಡಿಯೋದ ನೆಲವನ್ನೇ ಕೊರೆದು ಕ್ಯಾಮೆರಾ ಇಳಿಸಿದ್ದು, ನಾಯಕ ಚುನಾವಣೆಯಲ್ಲಿ ಸೋತ ಮೇಲಿನ ದೃಶ್ಯಕ್ಕಾಗಿ. ಅಷ್ಟು ಕೆಳಗಿನಿಂದ ನೋಡಿದಾಗ ಮನುಷ್ಯನ ಜೊತೆಗೆ ಅವನ ತಲೆಯ ಮೇಲಿನ ಮಾಳಿಗೆಯೂ ಕಾಣುತ್ತದೆ, ಅವನನ್ನು ಅದುಮುತ್ತದೆ. ಕೋನವೊಂದಕ್ಕೆ ತನ್ನದೇ ಅರ್ಥವಿರುವುದಿಲ್ಲ ಎಂದು ನನಗೆ ಅನ್ನಿಸಿದ್ದು ಆ ರಾತ್ರಿ.

ಮರುದಿನ ಬೆಳಿಗ್ಗೆ ವಾಡೆಯನ್ನೇ ಸರಿಯಾಗಿ ನೋಡಿದೆ. ಮೇಲು-ಕೀಳನ್ನು ಆ ಮನೆ ಆಗಲೇ ಕಟ್ಟಿಟ್ಟಿತ್ತು: ಒಂದೂವರೆ ಅಡಿ ಎತ್ತರದ ಪಡಸಾಲೆಯ ಮೇಲೆ ಗೌಡರ ಕುರ್ಚಿ, ಕೆಳಗೆ ಕಂಬದ ಬಳಿ ನೆಲದ ಮೇಲೆ ರೈತ. ನಾನು ಅದಕ್ಕೆ ಇನ್ನೇನನ್ನೂ ಸೇರಿಸಬೇಕಿರಲಿಲ್ಲ. ನೆಲದ ಮೇಲೆ ಕುಳಿತ ರೈತನ ಕಣ್ಣಿನ ಮಟ್ಟಕ್ಕೆ, ಅಂದರೆ ಸುಮಾರು ಎರಡೂವರೆ ಅಡಿಗೆ ಕ್ಯಾಮೆರಾ ನಿಲ್ಲಿಸಿ, ಅದಕ್ಕಿಂತ ಕಿರಿದಾಗಿ ನೋಡುವ 50 ಎಂ.ಎಂ. ಲೆನ್ಸ್ ಹಾಕಿ, ಹತ್ತು ಅಡಿ ಹಿಂದೆ ಸರಿದು, ಸ್ವಲ್ಪವೂ ಮೇಲಕ್ಕೆ ವಾಲಿಸದೆ ನೇರ ಹಿಡಿದೆ. ಚೌಕಟ್ಟು ಗೌಡರ ಎದೆಗೇ ಮುಗಿಯಿತು. ಉಳಿದದ್ದು ಎರಡು ಕೈ, ಒಂದು ಅಡಕತ್ತರಿ. ರೈತ ಮಾತಾಡುತ್ತಿದ್ದಂತೆ ಅಡಿಕೆ ಕಟಕ್ ಕಟಕ್ ಎಂದು ತುಂಡಾಗುತ್ತದೆ. ಅವನು ತಲೆಯೆತ್ತಿ ನೋಡುವ ಮುಖ ನಮಗೆ ಕಾಣುವುದೇ ಇಲ್ಲ.

ರೈತನ ಕ್ಲೋಸಪ್ಪನ್ನೂ ಅದೇ ಎತ್ತರದಿಂದ, ಇನ್ನೂ ಕಿರಿದಾಗಿ ನೋಡುವ 85 ಎಂ.ಎಂ. ಲೆನ್ಸಿನಲ್ಲಿ ತೆಗೆದೆವು. ಮೇಲಿನಿಂದ ತೆಗೆದಿದ್ದರೆ ಮರುಕ ಹುಟ್ಟುತ್ತಿತ್ತೇನೋ, ಆದರೆ ಅದು ಗೌಡರ ಕುರ್ಚಿಯಿಂದ ಹುಟ್ಟಿದ ಮರುಕವಾಗುತ್ತಿತ್ತು. ಕ್ಯಾಮೆರಾ ಕೈಯಲ್ಲಿ ಹಿಡಿದು ಅಲುಗಿಸಿದರೆ ತಳಮಳ ಬರುತ್ತದೆಂದು ಗೆಳೆಯನೊಬ್ಬ ಹಟ ಹಿಡಿದ, ನಾನು ಒಪ್ಪಲಿಲ್ಲ. “ಬೀಜದ ಸಾಲನೂ ತೀರಿಲ್ರೀ ಗೌಡ್ರ” ಎಂಬಲ್ಲಿ ಅಡಕತ್ತರಿ ಅಡಿಕೆಯನ್ನು ಕಚ್ಚಿಕೊಂಡು ಅರ್ಧಕ್ಕೇ ನಿಲ್ಲುತ್ತದೆ. ಎಡಿಟಿಂಗಿನಲ್ಲಿ ಆ ನಿಲುಗಡೆಯನ್ನು ನಾಲ್ಕು ಸೆಕೆಂಡು, ಅಂದರೆ ಸೆಕೆಂಡಿಗೆ 24ರಂತೆ 96 ಫ್ರೇಮು ಹಾಗೇ ಬಿಟ್ಟೆವು. ತಳಮಳ ಅಲ್ಲಿ ತಾನಾಗಿ ಬಂತು.

ಬರೆಯದೇ ಇದ್ದದ್ದೂ ಒಂದು ಸಿಕ್ಕಿತು. ಶಾಟ್ ಮುಗಿಯುವ ಹೊತ್ತಿಗೆ ಅಡಿಕೆಯ ಹೋಳೊಂದು ಜಾರಿ ಪಡಸಾಲೆಯ ಮೇಲೆ ಬಿತ್ತು. ಹಿರಿಯರು ಅದನ್ನು ಎತ್ತಿಕೊಳ್ಳಲು ಬಾಗಿದರು. ಅದುವರೆಗೆ ಕಾಣದ ಮುಖ ರೈತನ ಕಣ್ಣಿನ ಮಟ್ಟಕ್ಕೆ ಇಳಿದು ಬಂತು. ಫೋಕಸ್ ಕೈಯ ಮೇಲಿದ್ದುದರಿಂದ ಮುಖ ತುಸು ಮಸುಕಾಗಿದೆ. ಮತ್ತೆ ಮೂರು ಸಲ ಬಾಗಿಸಿದೆವು. ಮೂರೂ ಸಲ ಅವರು ನಟಿಸಿದರು. ಮಸುಕಾದದ್ದನ್ನೇ ಇಟ್ಟುಕೊಂಡೆವು.