ಹಾಡು ಮೊದಲು, ಚರ್ಚು ಆಮೇಲೆ: ಅಯೋವಾದ ಕಂದು ಚರ್ಚಿಗೆ ಹೋಗುವವರಿಗೆ

ಅಯೋವಾದ ಈ ಕಂದು ಚರ್ಚನ್ನು ನೋಡಿಯೇ ಅದರ ಹೆಸರಾಂತ ಇಂಗ್ಲಿಷ್ ಹಾಡನ್ನು ಬರೆದರು ಎಂದು ನಂಬಿಕೊಂಡು ಬರುವವರೇ ಹೆಚ್ಚು. ಆದದ್ದು ತಿರುಗಾಮುರುಗಾ. ‘ದ ಚರ್ಚ್ ಇನ್ ದ ವೈಲ್ಡ್‌ವುಡ್’ ಹಾಡು ಹುಟ್ಟಿದಾಗ ಇಲ್ಲಿ ಕಟ್ಟಡವೇ ಇರಲಿಲ್ಲ, ಮರಗಳ ನಡುವೆ ಒಂದು ಖಾಲಿ ಜಾಗವಿತ್ತು ಅಷ್ಟೆ. ಅಮೆರಿಕದ ಅಯೋವಾ ರಾಜ್ಯದ ನ್ಯಾಶುವಾ ಊರಿನ ಪಕ್ಕದಲ್ಲಿರುವ ‘ಲಿಟಲ್ ಬ್ರೌನ್ ಚರ್ಚ್ ಇನ್ ದ ವೇಲ್’ಗೆ ಹೋಗುವ ಮುನ್ನ ಇದೊಂದು ಗೊತ್ತಿದ್ದರೆ ಸಾಕು, ಅಲ್ಲಿ ನೋಡುವುದಕ್ಕೆ ಏನಿದೆ ಎಂಬ ಪ್ರಶ್ನೆ ಏಳುವುದಿಲ್ಲ. ಗೊತ್ತಿಲ್ಲದೆ ಹೋದವರು ಹತ್ತು ನಿಮಿಷದಲ್ಲಿ ಫೋಟೋ ತೆಗೆದುಕೊಂಡು ಕಾರು ಹತ್ತುತ್ತಾರೆ.

1857ರ ಜೂನ್. ವಿಸ್ಕಾನ್ಸಿನ್‌ನಲ್ಲಿ ಸಂಗೀತ ಪಾಠ ಹೇಳಿಕೊಂಡಿದ್ದ ವಿಲಿಯಂ ಪಿಟ್ಸ್ ಎಂಬ ಯುವಕ, ಮದುವೆ ಗೊತ್ತಾಗಿದ್ದ ಹುಡುಗಿಯನ್ನು ನೋಡಲು ಅಯೋವಾದ ಫ್ರೆಡರಿಕ್ಸ್‌ಬರ್ಗ್‌ಗೆ ಕುದುರೆ ಗಾಡಿಯಲ್ಲಿ ಹೊರಟಿದ್ದ. ದಾರಿಯಲ್ಲಿ ಬ್ರಾಡ್‌ಫರ್ಡ್ ಎಂಬ ಊರಿನಲ್ಲಿ ಗಾಡಿ ನಿಂತಿತು. ಕಾಲು ಸಡಿಲಿಸಲು ಬೀದಿಯಲ್ಲಿ ನಡೆದವನಿಗೆ ಆ ಮರಗಳ ನಡುವಿನ ಜಾಗ ಕಣ್ಣಿಗೆ ಬಿತ್ತು. ಇಲ್ಲೊಂದು ಚರ್ಚಿದ್ದರೆ ಎಷ್ಟು ಚೆಂದ ಅನ್ನಿಸಿತು. ಊರಿಗೆ ಮರಳಿದ ಮೇಲೆ ಅದನ್ನೇ ಪದ್ಯ ಮಾಡಿ, ರಾಗ ಹಾಕಿ, ಎತ್ತಿಟ್ಟುಬಿಟ್ಟ. ಪದ್ಯದಲ್ಲಿದ್ದದ್ದು ಕಂದು ಬಣ್ಣದ ಪುಟ್ಟ ಚರ್ಚು.

ಇತ್ತ ಬ್ರಾಡ್‌ಫರ್ಡ್‌ನ ಸಭೆಯವರಿಗೆ ಈ ಪದ್ಯದ ಸುದ್ದಿಯೇ ಇರಲಿಲ್ಲ. ಕಾಂಗ್ರಿಗೇಷನಲ್ ಎಂಬ ಪ್ರಾಟೆಸ್ಟಂಟ್ ಕ್ರೈಸ್ತ ಪಂಥದ ಈ ಸಭೆ 1855ರಲ್ಲೇ ಸೇರಿದ್ದರೂ ಅವರಿಗೆ ಸ್ವಂತ ಕಟ್ಟಡವಿರಲಿಲ್ಲ. ಸಭಾಪಾಲಕರಾಗಿ ಬಂದ ಜಾನ್ ನಟ್ಟಿಂಗ್ ಅವರ ಕಾಲದಲ್ಲಿ, 1860ರಲ್ಲಿ, ಅಡಿಪಾಯ ಬಿತ್ತು. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು, ಕೈಯಲ್ಲಿ ಕಾಸಿಲ್ಲ. ಜಾಗ ಒಬ್ಬರು ಕೊಟ್ಟರು, ಮರ ಇನ್ನೊಬ್ಬರು ಕೊಟ್ಟರು, ಕೊಯ್ದುಕೊಟ್ಟವರು ಮತ್ತೊಬ್ಬರು. ಬಣ್ಣದ ಮಾತು ಬಂದಾಗ ಸಿಕ್ಕಿದ್ದರಲ್ಲಿ ಅಗ್ಗದ್ದು ‘ಓಹಾಯೋ ಮಿನರಲ್ ಪೇಂಟ್’. ಅದು ಕಂದು. ಆ ಕಾಲದ ಹಳ್ಳಿ ಚರ್ಚುಗಳೆಂದರೆ ಬಿಳಿ, ಇವರದು ಮಾತ್ರ ಬಡತನದ ದೆಸೆಯಿಂದ ಕಂದಾಯಿತು. ಪಿಟ್ಸ್ ಅಷ್ಟರಲ್ಲಿ ಮದುವೆಯಾಗಿ, 1862ರಲ್ಲಿ ಫ್ರೆಡರಿಕ್ಸ್‌ಬರ್ಗ್‌ಗೆ ಬಂದು ನೆಲೆಸಿದ್ದ. 1863–64ರ ಚಳಿಗಾಲದಲ್ಲಿ ಬ್ರಾಡ್‌ಫರ್ಡ್ ಅಕಾಡೆಮಿಯಲ್ಲಿ ಹಾಡುಗಾರಿಕೆ ಕಲಿಸಲು ಬಂದವನು ನೋಡುತ್ತಾನೆ: ಅದೇ ಜಾಗದಲ್ಲಿ ಒಂದು ಚರ್ಚು ಏಳುತ್ತಿದೆ, ಅದೂ ಕಂದು ಬಣ್ಣದ್ದು. ಎತ್ತಿಟ್ಟ ಹಾಡನ್ನು ಹುಡುಕಿ ತೆಗೆದ. 1864ರ ಡಿಸೆಂಬರ್ 29ರಂದು ಪ್ರತಿಷ್ಠೆಯಾದಾಗ ಅವನ ವಿದ್ಯಾರ್ಥಿಗಳೇ ಅದನ್ನು ಹಾಡಿದರು.

ಮರುವರ್ಷ ಆ ಹಾಡನ್ನು ಶಿಕಾಗೋದ ಹಿಗ್ಗಿನ್ಸ್ ಎಂಬ ಪ್ರಕಾಶಕರಿಗೆ 25 ಡಾಲರಿಗೆ ಮಾರಿದ. ಆ ದುಡ್ಡು ರಶ್ ಮೆಡಿಕಲ್ ಕಾಲೇಜಿನ ಫೀಸಿಗೆ ಹೋಯಿತು. 1868ರಲ್ಲಿ ಡಾಕ್ಟರಾಗಿ ಫ್ರೆಡರಿಕ್ಸ್‌ಬರ್ಗ್‌ನಲ್ಲೇ 1906ರವರೆಗೆ ವೃತ್ತಿ ಮಾಡಿದ. ಹಾಡನ್ನು ಎಲ್ಲರೂ ಮರೆತರು. ಚರ್ಚಿನ ಪಾಡೂ ಅದೇ. ರೈಲು ಬ್ರಾಡ್‌ಫರ್ಡ್‌ಗೆ ಬರಲಿಲ್ಲ, ಎರಡು ಮೈಲಿ ದೂರದ ನ್ಯಾಶುವಾಕ್ಕೆ ಹೋಯಿತು. ವ್ಯಾಪಾರ ಅದರ ಹಿಂದೆ ಹೋಯಿತು, ಜನರೂ ಹೋದರು. 1888ರ ಹೊತ್ತಿಗೆ ಬಾಗಿಲು ಮುಚ್ಚಿದ ಚರ್ಚನ್ನು ಉಳಿಸಲು ಮುಂದೆ ಒಂದು ಸಂಘವೇ ಹುಟ್ಟಬೇಕಾಯಿತು. ಅದನ್ನು ದೇಶಕ್ಕೆಲ್ಲ ಗೊತ್ತು ಮಾಡಿಸಿದವರು ಪಕ್ಕದ ಚಾರ್ಲ್ಸ್ ಸಿಟಿಯ ವೆದರ್‌ವ್ಯಾಕ್ಸ್ ಸೋದರರು. ನಾಲ್ಕು ಕಂಠಗಳ ಈ ತಂಡ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ವರ್ಷಗಟ್ಟಲೆ ಊರೂರು ತಿರುಗಿ ಇದನ್ನು ತಮ್ಮ ಗುರುತಿನ ಹಾಡಾಗಿ ಹಾಡಿತು. ಕೇಳಿದವರು ಚರ್ಚನ್ನು ಹುಡುಕಿಕೊಂಡು ಕಾರಿನಲ್ಲಿ ಬಂದರು, ಬಂದವರು ಇಲ್ಲೇ ಮದುವೆಯಾಗತೊಡಗಿದರು. ಇಲ್ಲಿಯವರೆಗೆ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮದುವೆಗಳು ನಡೆದಿವೆ. ಬ್ರಾಡ್‌ಫರ್ಡ್ ಊರು ಮಾತ್ರ ಉಳಿಯಲಿಲ್ಲ. ಪಕ್ಕದ ಓಲ್ಡ್ ಬ್ರಾಡ್‌ಫರ್ಡ್ ಪಯೊನಿಯರ್ ವಿಲೇಜ್ ಎಂಬ ಬಯಲು ವಸ್ತುಸಂಗ್ರಹಾಲಯದಲ್ಲಿ ಅದರ ನೆನಪನ್ನು ಕಾಯ್ದಿಟ್ಟಿದ್ದಾರೆ. ಅದು ವರ್ಷವಿಡೀ ತೆರೆದಿರುತ್ತದೆ ಎಂದುಕೊಳ್ಳದೆ ಮೊದಲೇ ವಿಚಾರಿಸಿ.

ಹೋಗುವ ದಾರಿ ಸುಲಭ. ಅಯೋವಾದ್ದೇ ಆದ ವಾಟರ್‌ಲೂ ನಗರದ ಕಡೆಯಿಂದ ಯುಎಸ್ 218 ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 65 ಕಿಲೋಮೀಟರ್ ಹೋದರೆ ನ್ಯಾಶುವಾ. ಅಲ್ಲಿಂದ ರಾಜ್ಯ ಹೆದ್ದಾರಿ 346ರಲ್ಲಿ ಪೂರ್ವಕ್ಕೆ ಎರಡು ಮೈಲಿ. ಬಸ್ಸು ರೈಲು ನಂಬಿಕೊಂಡು ಹೊರಡಬೇಡಿ, ಕಾರು ಬೇಕೇ ಬೇಕು. ಚಳಿಗಾಲದಲ್ಲಿ ಇಲ್ಲಿ ಉಷ್ಣಾಂಶ ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಬಯಲು ಸೀಮೆಯ ಗಾಳಿ ಹಿಮವನ್ನು ರಸ್ತೆಯ ಮೇಲೆ ತಂದು ಸುರಿಯುವುದರಿಂದ, ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮದುವೆ ಇಟ್ಟುಕೊಂಡವರು ನೆಂಟರನ್ನು ಹಿಂದಿನ ದಿನವೇ ಹತ್ತಿರದ ಊರಿಗೆ ಕರೆಸಿಕೊಳ್ಳುವುದು ಕ್ಷೇಮ. ಇದು ಈಗಲೂ ಆರಾಧನೆ ನಡೆಯುವ ಚರ್ಚು, ಬರೀ ಪ್ರೇಕ್ಷಣೀಯ ಸ್ಥಳವಲ್ಲ. ಭಾನುವಾರ ಬೆಳಿಗ್ಗೆ ಸುಮ್ಮನೆ ನೋಡಲು ಹೋದರೆ ಆರಾಧನೆಯ ನಡುವೆ ಒಳನುಗ್ಗಿದಂತಾಗುತ್ತದೆ. ಶನಿವಾರ ಒಂದರ ಹಿಂದೆ ಒಂದು ಮದುವೆ. ಕಟ್ಟಡವನ್ನು ಸಾವಕಾಶವಾಗಿ ನೋಡಬೇಕೆಂದರೆ ವಾರದ ನಡುವಿನ ದಿನವೇ ಸರಿ.

ಇನ್ನು ಇಲ್ಲೇ ಮದುವೆಯಾಗಬೇಕೆಂದು ಹೊರಟವರ ವಿಷಯ. ಇಲ್ಲಿ ಕೆಡುವುದು ಹೂವು, ಉಡುಪು, ಮಳೆ ಯಾವುದರಿಂದಲೂ ಅಲ್ಲ, ಮದುವೆಗೆ ಮುನ್ನ ಸರ್ಕಾರದಿಂದ ಪಡೆಯಬೇಕಾದ ಲೈಸೆನ್ಸಿನಿಂದ. ಅಯೋವಾದಲ್ಲಿ ಮದುವೆ ಲೈಸೆನ್ಸ್ ಕೊಡುವುದು ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ದಾಖಲೆಗಳನ್ನು ನೋಡಿಕೊಳ್ಳುವ ರೆಕಾರ್ಡರ್ ಕಚೇರಿ. ಶುಲ್ಕ 35 ಡಾಲರ್. ಅರ್ಜಿ ಹಾಕಿದ ಮೇಲೆ ಮೂರು ಕೆಲಸದ ದಿನ ಕಾಯಬೇಕು, ಅರ್ಜಿ ಹಾಕಿದ ದಿನ ಲೆಕ್ಕಕ್ಕಿಲ್ಲ. ಸೋಮವಾರ ಅರ್ಜಿ ಕೊಟ್ಟರೆ ಶುಕ್ರವಾರಕ್ಕೆ ಲೈಸೆನ್ಸ್ ಊರ್ಜಿತ. ಬುಧವಾರ ಕೊಟ್ಟರೆ ಗುರುವಾರ ಒಂದು, ಶುಕ್ರವಾರ ಎರಡು, ಮೂರನೆಯದು ಮುಂದಿನ ಸೋಮವಾರ. ಶನಿವಾರದ ಮದುವೆ ಹೋಯಿತು. ಬೇರೆ ರಾಜ್ಯಗಳಲ್ಲಿ ಅರ್ಜಿ ಹಾಕಿದ ದಿನವೇ ಲೈಸೆನ್ಸ್ ಸಿಗುವುದನ್ನು ಕಂಡವರು ಎಡವುವುದು ಇಲ್ಲೇ. ತುರ್ತಿದ್ದರೆ ನ್ಯಾಯಾಧೀಶರು ಕಾಯುವ ಅವಧಿಯನ್ನು ಮನ್ನಾ ಮಾಡಬಹುದು. ಆದರೆ ‘ನಮಗೆ ಗೊತ್ತಿರಲಿಲ್ಲ’ ಎಂಬುದು ತುರ್ತಲ್ಲ.

ಚರ್ಚಿರುವುದು ಚಿಕಸಾ ಕೌಂಟಿಯಲ್ಲಿ, ಅದರ ಕೇಂದ್ರ ನ್ಯೂ ಹ್ಯಾಂಪ್ಟನ್. ಆದರೆ ಲೈಸೆನ್ಸನ್ನು ಅಲ್ಲಿಂದಲೇ ತರಬೇಕೆಂದಿಲ್ಲ, ಅಯೋವಾದ ಯಾವ ಕೌಂಟಿಯಲ್ಲಿ ಪಡೆದರೂ ರಾಜ್ಯದೊಳಗೆ ಎಲ್ಲಿ ಬೇಕಾದರೂ ನಡೆಯುತ್ತದೆ. ರಾಜ್ಯದ ರಾಜಧಾನಿ ಡಿ ಮೊಯಿನ್‌ನಲ್ಲಿ ವಿಮಾನ ಇಳಿಯುವವರು ಅಲ್ಲಿಯದೇ ಪೋಲ್ಕ್ ಕೌಂಟಿಯಲ್ಲಿ ಕೆಲಸ ಮುಗಿಸಿಕೊಂಡು ಬರಬಹುದು. ಬೇರೆ ರಾಜ್ಯದ ಲೈಸೆನ್ಸ್ ಮಾತ್ರ ಇಲ್ಲಿ ನಡೆಯದು. ಮಿನೆಸೋಟಾ ಗಡಿ ಹತ್ತಿರವೇ ಇರುವುದರಿಂದ ಈ ತಪ್ಪಿಗೆ ಆಸ್ಪದ ಹೆಚ್ಚು.

ಅರ್ಜಿಗೆ ಇಬ್ಬರ ಗುರುತಿನ ಚೀಟಿಯೂ ಬೇಕು, ಅದರ ಜೊತೆಗೆ ಇಬ್ಬರನ್ನೂ ಬಲ್ಲ, 18 ತುಂಬಿದ ಒಬ್ಬ ಸಾಕ್ಷಿಯೂ ಬೇಕು. ಇದು ಹಲವರಿಗೆ ತಿಳಿದಿರುವುದಿಲ್ಲ. ಮದುವೆಯ ಹೊತ್ತಿನ ಇಬ್ಬರು ಸಾಕ್ಷಿಗಳು ಬೇರೆ ಲೆಕ್ಕ. ಹುಡುಗ ಹುಡುಗಿ ಇಬ್ಬರೇ ಕಚೇರಿಗೆ ಹೋದರೆ ಸಾಕ್ಷಿಯಿಲ್ಲದೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಅಪರಿಚಿತ ಊರಿನಲ್ಲಿ ನಿಮ್ಮಿಬ್ಬರನ್ನೂ ಬಲ್ಲವರನ್ನು ಎಲ್ಲಿಂದ ತರುತ್ತೀರಿ?

ಹೆಸರಿನದು ಇನ್ನೊಂದು ತೊಡಕು. ಮದುವೆಯ ನಂತರ ಇಟ್ಟುಕೊಳ್ಳುವ ಹೆಸರನ್ನು ಅರ್ಜಿಯಲ್ಲೇ ಬರೆಯಬೇಕು. ಆಮೇಲೆ ಮನಸ್ಸು ಬದಲಾದರೆ ಕೋರ್ಟಿನ ದಾರಿ ಹಿಡಿಯಬೇಕಾಗುತ್ತದೆ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂತಿರುವ ನಮ್ಮವರು ಕಚೇರಿಯ ಬಾಗಿಲಲ್ಲಿ ನಿಂತು ಇದನ್ನು ತೀರ್ಮಾನಿಸಬಾರದು, ಮನೆಯಲ್ಲೇ ಒಂದು ಕಾಗದದ ಮೇಲೆ ಅಕ್ಷರ ಅಕ್ಷರ ಬರೆದುಕೊಂಡು ಹೋಗಬೇಕು. ಮದುವೆ ಮಾಡಿಸಿದವರು ಸಹಿ ಹಾಕಿದ ಪತ್ರವನ್ನು 15 ದಿನದೊಳಗೆ ಕಚೇರಿಗೆ ಮರಳಿಸುತ್ತಾರೆ. ಅದು ದಾಖಲಾದ ಮೇಲೆ ಸಿಗುವ ದೃಢೀಕೃತ ಪ್ರತಿಯೇ ಬ್ಯಾಂಕು, ವೀಸಾ, ಸೋಷಿಯಲ್ ಸೆಕ್ಯುರಿಟಿ ಎಲ್ಲದಕ್ಕೂ ಆಧಾರ. ಗೋಡೆಗೆ ತೂಗುಹಾಕುವ ಅಲಂಕಾರದ ಪ್ರಮಾಣಪತ್ರ ಯಾವ ಕಚೇರಿಯಲ್ಲೂ ನಡೆಯದು.

ಚರ್ಚಿನ ಸಮಯವನ್ನು ಲೈಸೆನ್ಸಿಗೂ ಮೊದಲೇ, ತಿಂಗಳುಗಳ ಮುಂಚೆ ಗೊತ್ತುಮಾಡಿಕೊಳ್ಳಿ. ಬೇಸಿಗೆಯ ಶನಿವಾರಗಳು ಬೇಗ ಮುಗಿದುಹೋಗುತ್ತವೆ. ಕಟ್ಟಡ ಪುಟ್ಟದು, ಸಮಯದ ಹಂಚಿಕೆ ಬಿಗಿ. ಒಂದು ಮದುವೆ ತಡವಾದರೆ ಮುಂದಿನ ಮದುವೆಯವರೆಲ್ಲ ಬಿಸಿಲಲ್ಲಿ ಕಾಯಬೇಕು. ಹಾಗಾಗಿ ಗುಂಪು ಫೋಟೋಗಳನ್ನು ಒಳಗೆ ಎಳೆಯದೆ ಮರಗಳ ಕೆಳಗೆ ಇಟ್ಟುಕೊಳ್ಳುವುದು ಎಲ್ಲರಿಗೂ ಒಳ್ಳೆಯದು. ಅಲ್ಲಿ ಕ್ಯಾಮೆರಾ ಮೋಸ ಮಾಡುವುದು ಬಣ್ಣದಿಂದ. ಚೌಕಟ್ಟಿನ ತುಂಬ ಕಡುಗಂದು ಗೋಡೆ, ಮೇಲೆ ಮರದ ನೆರಳು. ಇದನ್ನು ನೋಡಿದ ಕ್ಯಾಮೆರಾ ಕತ್ತಲೆಯೆಂದು ತಿಳಿದು ಬೆಳಕು ಹೆಚ್ಚಿಸುತ್ತದೆ, ಮದುಮಗಳ ಬಿಳಿ ಉಡುಪು ಸುಣ್ಣ ಬಳಿದಂತಾಗಿ ನೆರಿಗೆ, ಕಸೂತಿ ಏನೂ ಉಳಿಯುವುದಿಲ್ಲ. ಕ್ಯಾಮೆರಾದ ಎಕ್ಸ್‌ಪೋಷರ್ (ಒಳಗೆ ಬಿಡುವ ಬೆಳಕು) ಮುಕ್ಕಾಲರಿಂದ ಒಂದು ಸ್ಟಾಪ್, ಅಂದರೆ ಬೆಳಕಿನ ಅಳತೆಯ ಒಂದು ಮೆಟ್ಟಿಲಿನಷ್ಟು, ಇಳಿಸಿ.

ಮದುವೆ ಮುಗಿದ ಮೇಲೆ ಮದುಮಕ್ಕಳಿಬ್ಬರೂ ಸೇರಿ ಗಂಟೆಯ ಹಗ್ಗ ಎಳೆಯುವುದು ಇಲ್ಲಿನ ವಾಡಿಕೆ. ಮೊದಲ ಎಳೆತಕ್ಕೆ ಸದ್ದು ಬರದೆ ಪೆಚ್ಚಾಗುವವರಿದ್ದಾರೆ. ತೂಗುವ ಗಂಟೆಯ ರೀತಿಯೇ ಹಾಗೆ: ಗಂಟೆ ಸಾಕಷ್ಟು ಓಲಾಡಿದ ಮೇಲೆಯೇ ನಾಲಗೆ ಅಂಚಿಗೆ ಬಡಿಯುವುದು. ಎರಡು ಮೂರು ಸಲ ನಿಧಾನವಾಗಿ, ಉದ್ದಕ್ಕೆ ಎಳೆದು, ಪ್ರತಿ ಸಲವೂ ಹಗ್ಗ ತಾನಾಗಿ ಮೇಲೆ ಹೋಗಲು ಬಿಡಬೇಕು. ಗಟ್ಟಿಯಾಗಿ ಹಿಡಿದೇ ಇದ್ದರೆ ಓಲಾಟ ಸಾಯುತ್ತದೆ. ಜಗ್ಗಿದರೆ ಒಂದು ಅಪಸ್ವರದ ಬಡಿತ ಬಂದು ನಿಲ್ಲುತ್ತದೆ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ, ಭಾರದ ಗಂಟೆ ಹಿಂದಿರುಗುವಾಗ ಮಣಿಕಟ್ಟನ್ನೂ ಜೊತೆಗೆ ಎಳೆದೊಯ್ಯುತ್ತದೆ.

ಹಾಡಿನ ಬಗ್ಗೆ ತುಸು ಹೆಚ್ಚೇ ಹೇಳಬೇಕು, ಏಕೆಂದರೆ ಮದುವೆಯಲ್ಲಿ ಅದನ್ನು ಹಾಡಿಸುವವರು ಸಾಮಾನ್ಯವಾಗಿ ಎರಡೇ ಚರಣ ಬಲ್ಲವರು. ಮೊದಲನೆಯದು ಕಣಿವೆಯ ಚರ್ಚನ್ನು ಬಣ್ಣಿಸುತ್ತದೆ. ಎರಡನೆಯದು ಭಾನುವಾರ ಬೆಳಗಿನ ಗಂಟೆಯ ದನಿ. ಮೂರು ಮತ್ತು ನಾಲ್ಕು ಮದುವೆಗೆ ಒಗ್ಗುವಂಥವಲ್ಲ: ಚರ್ಚಿನ ಪಕ್ಕದ ಮರದ ಕೆಳಗೆ ಮಣ್ಣಾದ ಪ್ರೇಯಸಿ, ಅವಳ ಮಗ್ಗುಲಲ್ಲೇ ತನಗೂ ಗೋರಿ. ಮದುವೆ ಗೊತ್ತಾದ ಹುಡುಗಿಯನ್ನು ನೋಡಲು ಹೊರಟ ಹುಡುಗ ಇದನ್ನು ಬರೆದನೆಂಬುದು ವಿಚಿತ್ರವೇ ಸರಿ, ಆದರೆ ಆ ಶತಮಾನದ ಹಾಡುಗಳಿಗೆ ಸಾವಿಲ್ಲದೆ ರುಚಿಯಿರಲಿಲ್ಲ. ಪುಸ್ತಕ ಕೈಗೆ ಕೊಟ್ಟು ‘ಪೂರ್ತಿ ಹಾಡಿ’ ಎಂದರೆ ಮಂಟಪದಲ್ಲಿ ಶೋಕಗೀತೆ ಮೊಳಗುತ್ತದೆ. ಎರಡು ಚರಣ, ಪ್ರತಿ ಚರಣಕ್ಕೂ ಪಲ್ಲವಿ, ಅಷ್ಟು ಸಾಕೆಂದು ಹಾಡುವವರಿಗೆ ಮೊದಲೇ ಹೇಳಿಡಿ.

ಪಲ್ಲವಿಯೇ ಈ ಹಾಡಿನ ಜೀವ. ಮಂದ್ರದ ಗಂಡಸರು ಮೊದಲು ‘ಕಮ್, ಕಮ್, ಕಮ್, ಕಮ್’ ಎಂದು ಗಂಟೆ ಬಡಿದಂತೆ ಶುರುಮಾಡುತ್ತಾರೆ, ಉಳಿದವರ ರಾಗ ಅದರ ಮೇಲೆ ಬಂದು ಕೂರುತ್ತದೆ. ಕೆಳಗಿನ ಬಡಿತ ಮುಂದುವರಿಯುತ್ತಲೇ ಇರುತ್ತದೆ. ಸುಲಭ ಎಂದುಕೊಂಡವರು ಕೆಡಿಸುವುದು ಇದನ್ನೇ. ಉಸಿರು ಮುಗಿಯುವ ಭಯಕ್ಕೆ ಮಂದ್ರದವರು ಓಡತೊಡಗುತ್ತಾರೆ, ನಾಲ್ಕನೆಯ ಸಾಲಿಗೆ ಬರುವಷ್ಟರಲ್ಲಿ ರೈಲಿನ ವೇಗ. ಕನಿಷ್ಠ ಇಬ್ಬರನ್ನು ಮಂದ್ರಕ್ಕೆ ನಿಲ್ಲಿಸಿ, ಒಬ್ಬ ಉಸಿರು ತೆಗೆಯುವಾಗ ಇನ್ನೊಬ್ಬ ಹಾಡುವಂತೆ ಮೊದಲೇ ಗುರುತು ಹಾಕಿಕೊಂಡರೆ ಬಡಿತ ಮುರಿಯುವುದಿಲ್ಲ. ಕೊನೆಯ ‘ಮ್’ಗೆ ತುಟಿ ಬೇಗ ಮುಚ್ಚಿದರೆ ದನಿ ಗಂಟಲಲ್ಲೇ ಉಳಿಯುತ್ತದೆ; ಸ್ವರ ಪೂರ್ತಿ ಕೇಳಿಸಿ, ತುಟಿ ಕೊನೆಗೆ ಕೂಡಬೇಕು. ನಿಮಿಷಕ್ಕೆ 90ರಿಂದ 100 ಬಡಿತ ಹದವಾದ ನಡೆ. ಮಂದ್ರದ ಕಂಠವೇ ಇಲ್ಲದ ಗುಂಪಾದರೆ ಆ ಭಾಗವನ್ನು ಪಿಯಾನೋದ ಎಡಗೈಗೆ ಬಿಡಿ. ತಾರ ಕಂಠದಲ್ಲಿ ‘ಕಮ್ ಕಮ್’ ಎಂದರೆ ಕೋಳಿಮರಿ ಕರೆದಂತಿರುತ್ತದೆ.

ಈ ಹಾಡನ್ನು ತುಂಬು ಕಂಠಗಳಲ್ಲಿ ಕೇಳುವ ಆಸೆಯಿದ್ದರೆ ಆಗಸ್ಟ್ ತಿಂಗಳ ಮೊದಲ ಭಾನುವಾರ ಹೋಗಿ. ಇಲ್ಲಿ ಮದುವೆಯಾದ ದಂಪತಿಗಳು ಅಂದು ಮತ್ತೆ ಸೇರುತ್ತಾರೆ. ಮರಳುವಾಗ ಸಮಯವಿದ್ದರೆ ಪೂರ್ವಕ್ಕೆ ತಿರುಗಿ ಫ್ರೆಡರಿಕ್ಸ್‌ಬರ್ಗ್ ದಾರಿ ಹಿಡಿಯಿರಿ. 1857ರಲ್ಲಿ ಗಾಡಿ ಹೊರಟಿದ್ದು ಅಲ್ಲಿಗೇ. 1918ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ತೀರಿಕೊಂಡ ಪಿಟ್ಸ್‌ನನ್ನು ಮಣ್ಣು ಮಾಡಿದ್ದೂ ಅಲ್ಲೇ.