ಪೌತಿ ಖಾತೆ ಆಗಿಲ್ಲ ಅಲ್ವಾ ಸರ್?

ಮಂಗಳವಾರ ಬೆಳಿಗ್ಗೆ 11 ಗಂಟೆಗೆ ನನ್ನ ಕೈಯಾರೆ ಒಂದು ರಿಸೋರ್ಸ್ ಗ್ರೂಪ್, ಅಂದರೆ ಸರ್ವರ್, ಸ್ಟೋರೇಜ್ ಮುಂತಾದವನ್ನು ಒಟ್ಟಿಗೆ ಇಡುವ ಗುಂಪನ್ನು, ಅಳಿಸಿದೆ. ನಾವು ಬಳಸುವ ಮೈಕ್ರೋಸಾಫ್ಟ್ ಕ್ಲೌಡ್ ಅಜೂರ್‌ನಲ್ಲಿ ಅದು ಸುಮ್ನೆ ಆಗಿಬಿಡುವ ಕೆಲಸ ಅಲ್ಲ. ಒಳಗೆ ಏನೇನಿದೆ ಅಂತ ಪಟ್ಟಿ ತೋರಿಸುತ್ತದೆ. ಗುಂಪಿನ ಹೆಸರನ್ನು ಪೂರ್ತಿ ಟೈಪ್ ಮಾಡಿ ಎನ್ನುತ್ತದೆ. ಪಟ್ಟಿ ನೋಡಿದೆ. ಒಂದು ವರ್ಚುವಲ್ ಮೆಷಿನ್, ಅದರ ಡಿಸ್ಕ್, ಒಂದು ಪಬ್ಲಿಕ್ ಐಪಿ, ಫೈಲ್ ಇಡುವ ಒಂದು ಸ್ಟೋರೇಜ್ ಅಕೌಂಟ್. ಗುಂಪಿನ ಹೆಸರು 'ಟೆಂಪ್-ಡೆಮೊ'. ಒಂದೊಂದೇ ಅಕ್ಷರ ಟೈಪ್ ಮಾಡಿ ಒತ್ತಿದೆ.

11.40ಕ್ಕೆ ಸಾಗರದ ಅಡಿಕೆ ಮಂಡಿಯಿಂದ ಫೋನ್ ಬಂತು. 'ತೂಕದ ಚೀಟಿ ಒಂದೂ ಕಾಣ್ತಿಲ್ಲ. ರೈತರು ಎದುರಿಗೇ ಕೂತಿದಾರೆ.'

ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಮಂಡಿಯಲ್ಲಿ ಮೂಟೆ ತೂಗಿದ ಮೇಲೆ ಚೀಟಿಯ ಫೋಟೊ ತೆಗೆದು ನಮ್ಮ ಆ್ಯಪ್‌ಗೆ ಹಾಕುತ್ತಾರೆ. ಅಷ್ಟೂ ಫೋಟೊ ಆ ಸ್ಟೋರೇಜ್ ಅಕೌಂಟಿಗೆ ಹೋಗುತ್ತಿತ್ತು. 'ಟೆಂಪ್' ಅಂತ ಹೆಸರಿದ್ದದ್ದು ಮೂರು ವರ್ಷದಿಂದ ಜನರ ಲೆಕ್ಕ ಹೊತ್ತುಕೊಂಡು ನಿಂತಿತ್ತು.

ಇದಕ್ಕೆ ನಾಲ್ಕು ದಿನ ಮುಂಚೆ ಆದ ಮಾತನ್ನು ಹೇಳಬೇಕು. ಶುಕ್ರವಾರ ನಮ್ಮ ಅಕೌಂಟ್ಸ್ ಮೇಡಂ ಕ್ಲೌಡ್ ಬಿಲ್ ಹಿಡಿದುಕೊಂಡು ಬಂದರು. ಅವರಿಗೆ ಸರ್ವರ್, ಸ್ಟೋರೇಜ್ ಅಂದರೆ ಅಷ್ಟಕ್ಕಷ್ಟೆ. ಆದರೆ ನಮ್ಮ ಆಫೀಸಿನಲ್ಲಿ ಬಿಲ್ಲಿನ ಪ್ರತಿ ಸಾಲನ್ನೂ ಓದುವವರು ಅವರೊಬ್ಬರೇ. ಒಂದು ಸಾಲಿನ ಮೇಲೆ ಪೆನ್ಸಿಲ್ ಇಟ್ಟು 'ಇದು ಯಾರದು ಸರ್?' ಎಂದರು. ಆ ಸಾಲಿನಲ್ಲಿ ಟ್ಯಾಗ್, ಅಂದರೆ ಇದು ಯಾರದು, ಯಾವುದಕ್ಕೆ ಅಂತ ಬರೆದಿಡುವ ಗುರುತು, ಖಾಲಿ ಇತ್ತು. ಅಜೂರ್‌ನಲ್ಲಿ ಗುಂಪಿಗೆ ಹಾಕಿದ ಟ್ಯಾಗ್ ಒಳಗಿನ ವಸ್ತುಗಳಿಗೆ ತಾನಾಗಿ ಇಳಿಯುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬರೆಯಬೇಕು. ನಾವು ಬರೆದಿರಲಿಲ್ಲ. ಗುಂಪನ್ನೇ ತೆರೆದು ನೋಡಿದೆ. ಓನರ್ ಅನ್ನೋ ಜಾಗದಲ್ಲಿ ಒಬ್ಬ ಹುಡುಗನ ಹೆಸರಿತ್ತು.

'ಅವನು ಕೆಲಸ ಬಿಟ್ಟು ಎರಡು ವರ್ಷ ಆಯ್ತು ಮೇಡಂ.'

'ಹಾಗಾದ್ರೆ ಇದಕ್ಕೆ ಪೌತಿ ಖಾತೆ ಆಗಿಲ್ಲ ಅಲ್ವಾ ಸರ್?'

ಪೌತಿ ಖಾತೆ ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ನಾನು ನಕ್ಕೆ. ಹುಡುಗ ಚೆನ್ನಾಗಿದ್ದಾನೆ, ಕೆನಡಾದಲ್ಲಿದ್ದಾನೆ ಎಂದೆ. ಅವರು ನಗಲಿಲ್ಲ. ತಮಾಷೆಗೆ ಕೇಳಿದ್ದೇ ಅಲ್ಲ. ಜಮೀನಿನ ಮನೆಯಲ್ಲಿ ಬೆಳೆದವರು, ಗೊತ್ತಿದ್ದ ಮಾತಿನಲ್ಲಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದರು. ಸತ್ತವರ ಹೆಸರಿನಲ್ಲಿರುವ ಪಹಣಿಯನ್ನು ನೋಡಿ ಯಾರೂ 'ಇದು ಯಾರದೂ ಅಲ್ಲ, ತೆಗೆದುಹಾಕಿ' ಅನ್ನುವುದಿಲ್ಲ. ಈಗ ಉಳುತ್ತಿರುವವರು ಯಾರು ಅಂತ ಹುಡುಕುತ್ತಾರೆ.

ನಮ್ಮ ಮ್ಯಾನೇಜರ್ ಹುಡುಕೋಣ ಅನ್ನಲಿಲ್ಲ. 'ಅಳಿಸಿ, ಯಾರಾದ್ರೂ ಕೂಗಿದ್ರೆ ನೋಡೋಣ' ಎಂದರು. ಒಳ್ಳೆಯ ಮನುಷ್ಯ, ತಿಂಗಳ ಖರ್ಚಿನ ಒತ್ತಡ ಅವರಿಗೂ ಇದೆ. ಆದರೆ ಈ ಪದ್ಧತಿ ನನಗೆ ಯಾವತ್ತೂ ಒಪ್ಪಿಗೆ ಆಗಿಲ್ಲ. ಕೂಗುವ ಹೊತ್ತಿಗೆ ತಡವಾಗಿರುತ್ತದೆ. ಕೂಗುವವರೂ ನಾವಲ್ಲ, ಮೂಟೆ ಇಳಿಸಿ ಕೂತ ರೈತರು. ಅಳಿಸದೆ ಬರೀ ಆಫ್ ಮಾಡಿಟ್ಟು ಒಂದು ವಾರ ಕಾಯಬಹುದಿತ್ತು. ಒಪ್ಪಿಗೆ ಇಲ್ಲದ ಮೇಲೂ ಒತ್ತಿದವನು ನಾನೇ ಅನ್ನೋದು ಈಗಲೂ ಚುಚ್ಚುತ್ತಿದೆ.

ಚೀಟಿಗಳು ವಾಪಸ್ ಬಂದವು. ಅಳಿಸಿದ ಸ್ಟೋರೇಜ್ ಅಕೌಂಟನ್ನು 14 ದಿನದೊಳಗೆ ಪೋರ್ಟಲ್‌ನಿಂದಲೇ ಮರಳಿ ತರಲು ಒಂದು ದಾರಿ ಇದೆ, ಖಂಡಿತ ಸಿಗುತ್ತದೆ ಅಂತ ಭರವಸೆ ಇಲ್ಲ. ಅದೇ ಹೆಸರಿನಲ್ಲಿ ಇನ್ನೊಬ್ಬರು ಅಕೌಂಟ್ ಮಾಡಿಕೊಂಡಿರಬಾರದು. ಇನ್ನೊಂದು ಷರತ್ತು: ಅದು ಇದ್ದ ಗುಂಪು ಇರಬೇಕು. ಅಳಿಸಿದ ಗುಂಪು ಮಾತ್ರ ಮರಳಿ ಬರುವುದಿಲ್ಲ. ಹಾಗಾಗಿ 'ಟೆಂಪ್-ಡೆಮೊ' ಅನ್ನೋ ಹೆಸರನ್ನು ಅದೇ ದಿನ ಎರಡನೇ ಸಲ ಟೈಪ್ ಮಾಡಿದೆ, ಈ ಸಲ ಹುಟ್ಟಿಸುವುದಕ್ಕೆ. ಮೊದಲ ಚೀಟಿಯ ಫೋಟೊ ತೆರೆದುಕೊಂಡಾಗ ಸಮಯ 2.50. ಮಂಡಿಯವರಿಗೆ ನಾನೇ ಫೋನ್ ಮಾಡಿ ತಪ್ಪಾಯ್ತು ಎಂದೆ. 'ಸಿಕ್ತಲ್ಲ, ಬಿಡಿ' ಎಂದರು.

ರಾತ್ರಿ ಕೆನಡಾದ ಹುಡುಗನಿಗೆ ಮೆಸೇಜ್ ಹಾಕಿದೆ. ತಕ್ಷಣ ಫೋನ್ ಮಾಡಿದ. 'ಅಣ್ಣಾ, ಅದು ಎರಡು ದಿನದ ಡೆಮೊಗೆ ಅಂತ ಮಾಡಿದ್ದು. ಡೆಮೊ ನೋಡಿದ ಮಂಡಿಯವರು ಅವತ್ತೇ ಬಳಸೋಕೆ ಶುರು ಮಾಡಿದ್ರು. ಬದಲಾಯಿಸಬೇಕು ಅಂತ ಮೇಲ್ ಹಾಕಿದ್ದೆ.' ಮೇಲ್ ಹುಡುಕಿದೆ. ಹಾಕಿದ್ದ. ನನಗೂ ಬಂದಿತ್ತು. ಆಫೀಸಿನಲ್ಲಿ ಮಧ್ಯಾಹ್ನವೆಲ್ಲ ಅವನ ಹೆಸರು ಹಿಡಿದು ಬೈದಿದ್ದೇ ಬೈದದ್ದು. ಇದ್ದವರಲ್ಲಿ ತನ್ನ ಹೆಸರನ್ನು ಟ್ಯಾಗ್‌ನಲ್ಲಿ ಬರೆದಿಟ್ಟವನು ಅವನೊಬ್ಬನೇ, ಅದಕ್ಕೇ ಬೈಗುಳ ಅವನ ಪಾಲಿಗೆ ಬಂತು.

ಬುಧವಾರ, ಗುರುವಾರ ಪೂರ್ತಿ ಎಲ್ಲ ಗುಂಪುಗಳನ್ನೂ ಬಿಡಿಸಿ ಮತ್ತೆ ಕಟ್ಟಿದೆವು. ಮೊದಲು ನಮ್ಮಲ್ಲಿ ಡೇಟಾಬೇಸ್‌ಗಳೆಲ್ಲ ಒಂದು ಗುಂಪು, ಮೆಷಿನ್‌ಗಳೆಲ್ಲ ಒಂದು ಗುಂಪು, ಉಳಿದದ್ದು ಯಾರ ಕೈಗೆ ಹೇಗೆ ಬಂತೋ ಹಾಗೆ. ನೋಡೋಕೆ ಚೆಂದ, ಆದರೆ ಒಂದು ಆ್ಯಪ್ ಮುಚ್ಚಬೇಕಾದರೆ ನಾಲ್ಕು ಗುಂಪಿಗೆ ಕೈ ಹಾಕಬೇಕು. ಅಜೂರ್‌ನಲ್ಲಿ ಒಂದು ವಸ್ತು ಒಂದೇ ಗುಂಪಿನಲ್ಲಿರಬೇಕು. ಗುಂಪಿನೊಳಗೆ ಗುಂಪು ಇಲ್ಲ, ಇಟ್ಟ ಹೆಸರನ್ನು ಬದಲಾಯಿಸುವ ಹಾಗೂ ಇಲ್ಲ. ಗುಂಪು ಹೋದರೆ ಒಳಗಿನದ್ದೆಲ್ಲ ಹೋಯಿತು. ಇಷ್ಟು ಗೊತ್ತಿದ್ದ ಮೇಲೆ ಗುಂಪು ಕಟ್ಟುವಾಗ ಕೇಳಬೇಕಾದ ಪ್ರಶ್ನೆ 'ಇವು ಒಂದೇ ಜಾತಿಯವೇ' ಅಂತ ಅಲ್ಲ, 'ಇವನ್ನು ಒಂದೇ ದಿನ ಅಳಿಸಬಹುದೇ' ಅಂತ. ಚೀಟಿಗಳ ಅಕೌಂಟನ್ನು ತೂಕದ ಆ್ಯಪ್ ಇರುವ ಗುಂಪಿಗೆ ಸಾಗಿಸಿದೆ. ಸಾಗಿಸುವಾಗ ಎರಡೂ ಗುಂಪಿನಲ್ಲಿ ಹೊಸದೇನೂ ಸೇರಿಸೋಕೆ ಆಗಲ್ಲ, ಆದರೆ ಆ್ಯಪ್ ನಡೆಯುತ್ತಲೇ ಇರುತ್ತದೆ. ಆಮೇಲೆ ಗುಂಪಿಗೆ ಡಿಲೀಟ್ ಲಾಕ್ ಹಾಕಿದೆ. ಟ್ಯಾಗ್ ಇಳಿಯದಿದ್ದರೂ ಈ ಬೀಗ ಮಾತ್ರ ಒಳಗಿನ ಪ್ರತಿಯೊಂದಕ್ಕೂ ಇಳಿಯುತ್ತದೆ.

ಟ್ಯಾಗ್‌ಗಳ ಪಟ್ಟಿ ಮಾಡುವಾಗ ಮೇಡಂ ಅವರನ್ನೂ ಕರೆದೆ. ಓನರ್, ಆ್ಯಪ್, ಯಾವ ಹಂತದ್ದು, ಇಷ್ಟು ಬರೆದಿದ್ದೆವು. ಅವರು ನೋಡಿ 'ಕಾಲಂ 9 ಇದೆ, 11 ಎಲ್ಲಿ?' ಎಂದರು. ಪಹಣಿಯ ಕಾಲಂ 9ರಲ್ಲಿ ಜಮೀನು ಯಾರ ಹೆಸರಿನಲ್ಲಿದೆ ಅಂತ ಇರುತ್ತದೆ. 11ರಲ್ಲಿ ಅದರ ಮೇಲೆ ಬೇರೆಯವರ ಹಕ್ಕು, ಸಾಲ ಏನಿದೆ ಅಂತ. ಕೊಳ್ಳುವವರು ಮೊದಲು ನೋಡುವುದು ಅದನ್ನೇ. ಮಂಗಳವಾರ ನನಗೆ ಬೇಕಾಗಿದ್ದೂ ಅದೇ. ಹುಡುಗನ ಹೆಸರಲ್ಲ, ಸಾಗರದ ಮಂಡಿಯ ಹೆಸರು. 'ಇದನ್ನು ನಂಬಿದವರು ಯಾರು' ಅಂತ ಇನ್ನೊಂದು ಟ್ಯಾಗ್ ಸೇರಿಸಿದೆವು.

ಮನೆಗೆ ಬಂದು ಊಟಕ್ಕೆ ಕೂತಾಗ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಅಮ್ಮ ಸಾರು ಬಡಿಸುತ್ತಾ 'ನಮ್ಮ ತಿಪಟೂರಿನ ತೋಟ ಇನ್ನೂ ನಿನ್ನ ಅಜ್ಜನ ಹೆಸರಲ್ಲೇ ಇದೆಯಲ್ಲ' ಎಂದರು. ಅಪ್ಪ ಹೋಗಿಯೇ ಆರು ವರ್ಷ. ತೋಟ ನೋಡಿಕೊಳ್ಳುತ್ತಿರುವುದು ಚಿಕ್ಕಪ್ಪ. ಅವರು ನಾಲ್ಕು ಸಲ ಫೋನ್ ಮಾಡಿ, ನಾಡಕಚೇರಿಗೆ ಒಂದು ದಿನ ಬಂದು ಹೋಗು, ವಂಶವೃಕ್ಷಕ್ಕೆ ಅರ್ಜಿ ಹಾಕಬೇಕು ಎಂದಿದ್ದರು. ನಾಲ್ಕೂ ಸಲ ಮುಂದಿನ ತಿಂಗಳು ಎಂದಿದ್ದೆ.

ಸೋಮವಾರಕ್ಕೆ ರಜೆ ಹಾಕಿದ್ದೇನೆ. ಅಜ್ಜನ ಮರಣ ಪ್ರಮಾಣಪತ್ರ ಯಾವ ಪೆಟ್ಟಿಗೆಯಲ್ಲಿದೆ ಅಂತ ಅಮ್ಮ ಹುಡುಕುತ್ತಿದ್ದಾರೆ.