ವೇಗ ನೋಡಿ ಹೆಸರಿಡಬೇಡಿ: ಡ್ಯಾನ್ಸ್ ಸಂಗೀತದ ಉಪಪ್ರಕಾರಗಳನ್ನು ಗುರುತಿಸುವ ಕೆಲಸ

ಜಾಹೀರಾತು, ಕಿರುಚಿತ್ರ ಮತ್ತು ವ್ಯಾಯಾಮದ ಆ್ಯಪ್‌ಗಳಿಗೆ ಪರವಾನಗಿಯ ಮೇಲೆ ಸಂಗೀತ ಒದಗಿಸುವ ಸಂಸ್ಥೆಯೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. ಒಳಗೆ ಬರುವ ಪ್ರತಿಯೊಂದು ಟ್ರ್ಯಾಕನ್ನೂ ಕೇಳಿ ಅದರ ಪ್ರಕಾರ, ಉಪಪ್ರಕಾರ, ವೇಗ ಮತ್ತು ಭಾವವನ್ನು ನಮೂದಿಸುವುದು, ಅಂದರೆ ಟ್ಯಾಗ್ ಹಾಕುವುದು, ನಮ್ಮ ತಂಡದ ಹೊಣೆ. ಅದರಲ್ಲಿ ಎಲೆಕ್ಟ್ರಾನಿಕ್ ಡ್ಯಾನ್ಸ್ ಸಂಗೀತ ನನ್ನ ವಿಭಾಗ. ತಂಡಕ್ಕೆ ಹೊಸಬರು ಸೇರಿದಾಗ, ಯಾವ ಉಪಪ್ರಕಾರಕ್ಕೆ ಎಷ್ಟು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್ ಎಂಬ ವೇಗದ ಅಳತೆ) ಎಂಬ ಪಟ್ಟಿ ಇದ್ದರೆ ಕೊಡಿ ಎಂದು ಮೊದಲು ಕೇಳುತ್ತಾರೆ. ಪಟ್ಟಿ ಇದೆ, ಆದರೆ ಅದನ್ನು ಆರಂಭದಲ್ಲಿಯೇ ಅವರ ಕೈಗೆ ಕೊಡಬಾರದು ಎಂಬುದು ಈ ಕೆಲಸದಿಂದ ನಾನು ಕಲಿತ ಮುಖ್ಯ ಪಾಠ. ನಾಲ್ಕು ಬೀಟ್‌ಗಳ ಒಂದು ಸುತ್ತಾದ ಬಾರ್‌ನೊಳಗೆ ಕಿಕ್ (ದೊಡ್ಡ ಡ್ರಮ್ಮಿನ ದಪ್ಪ ಪೆಟ್ಟು) ಎಲ್ಲಿ ಬೀಳುತ್ತದೆ, ಸ್ನೇರ್ (ಸಣ್ಣ ಡ್ರಮ್ಮಿನ ಚುರುಕು ಪೆಟ್ಟು) ಎಲ್ಲಿ ಬೀಳುತ್ತದೆ, ಅವೆರಡರ ನಡುವಿನ ಜಾಗವನ್ನು ಬೇಸ್ (ತಗ್ಗು ಸ್ವರಗಳ ದನಿ) ಹೇಗೆ ತುಂಬುತ್ತದೆ ಎಂದು ಕೇಳಿಸಿಕೊಳ್ಳುವ ಅಭ್ಯಾಸ ಮೊದಲು ಬರಬೇಕು. ಕರ್ನಾಟಕ ಸಂಗೀತದಲ್ಲಿಯೂ ಹೀಗೆಯೇ: ದರ್ಬಾರ್ ಮತ್ತು ನಾಯಕಿ ರಾಗಗಳನ್ನು ಬರೀ ಸ್ವರಗಳ ಪಟ್ಟಿ ಹಿಡಿದು ಬೇರ್ಪಡಿಸಲು ಹೊರಟವರು ತಡವರಿಸುತ್ತಾರೆ. ಸಂಚಾರ ಬಲ್ಲವರು ಎರಡು ಸಾಲು ಕೇಳಿದರೆ ಸಾಕು, ಹೇಳಿಬಿಡುತ್ತಾರೆ.

ಪಟ್ಟಿಯನ್ನೇ ನಂಬಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲಿಯೇ ನಡೆದ ಪ್ರಸಂಗವೊಂದನ್ನು ಹೇಳುತ್ತೇನೆ. ವ್ಯಾಯಾಮ ಮುಗಿದ ಮೇಲೆ ಉಸಿರಾಟ ಹದಕ್ಕೆ ಬರುವ ಹೊತ್ತಿಗೆ ನಿಧಾನಗತಿಯ ಸಂಗೀತ ಬೇಕೆಂದು ಒಬ್ಬ ಗ್ರಾಹಕರು ಕೇಳಿದ್ದರು. ನಾವು ಕಳುಹಿಸಲು ಸಿದ್ಧಪಡಿಸಿದ್ದ ಪಟ್ಟಿಯಲ್ಲಿ, ತಂತ್ರಾಂಶವು 87 ಬಿಪಿಎಂ ಎಂದು ಅಳೆದಿದ್ದ ಒಂದು ಟ್ರ್ಯಾಕ್ ಸೇರಿಕೊಂಡಿತ್ತು. ವಾಸ್ತವದಲ್ಲಿ ಅದು 174ರ ವೇಗದಲ್ಲಿ ಓಡುವ ಲಿಕ್ವಿಡ್ ಡ್ರಮ್ ಅಂಡ್ ಬೇಸ್, ಅಂದರೆ ಡ್ರಮ್ ಅಂಡ್ ಬೇಸ್ ಎಂಬ ವೇಗದ ಉಪಪ್ರಕಾರದ ಮೃದುವಾದ ಬಗೆ. ತಂತ್ರಾಂಶವು ಜೋರಾಗಿ ಮರುಕಳಿಸುವ ಪೆಟ್ಟುಗಳ ನಡುವಿನ ಅಂತರವನ್ನು ಅಳೆಯುತ್ತದೆ; ಡ್ರಮ್ ಅಂಡ್ ಬೇಸ್‌ನಲ್ಲಿ ಸ್ನೇರ್ ಎರಡನೆಯ ಮತ್ತು ನಾಲ್ಕನೆಯ ಬೀಟ್‌ಗಳ ಮೇಲೆ ಎದ್ದು ಕೇಳಿಸುವುದರಿಂದ, ಎರಡು ಬೀಟ್‌ಗಳನ್ನು ಒಂದೆಂದು ಎಣಿಸಿ ಅರ್ಧ ವೇಗವನ್ನು ತೋರಿಸುವುದು ಅದಕ್ಕೆ ಮಾಮೂಲು. ಮೇಲೆ ಹರಡಿಕೊಂಡ ಮೃದುವಾದ ಪಿಯಾನೋ ಕೇಳಿದವರಿಗೂ ಅದೇ ಸರಿ ಎನ್ನಿಸಿಬಿಡುತ್ತದೆ. ಇಂಥ ಕಡೆ ನಾನು ಒಂದು ಬಾರನ್ನು ಹದಿನಾರು ಮನೆಗಳಾಗಿ ವಿಂಗಡಿಸಿ ಎಣಿಸಲು ಹೇಳುತ್ತೇನೆ: ಕಿಕ್ ಒಂದನೆಯ ಮತ್ತು ಹನ್ನೊಂದನೆಯ ಮನೆಯಲ್ಲಿ, ಸ್ನೇರ್ ಐದನೆಯ ಮತ್ತು ಹದಿಮೂರನೆಯ ಮನೆಯಲ್ಲಿ ಬಿದ್ದು, ಇಡೀ ಬಾರ್ ಒಂದೂವರೆ ಸೆಕೆಂಡಿಗೂ ಮೊದಲೇ ಮುಗಿದುಹೋದರೆ, ಮೇಲಿನ ವಾದ್ಯ ಎಷ್ಟೇ ಶಾಂತವಾಗಿದ್ದರೂ ಅದು ಡ್ರಮ್ ಅಂಡ್ ಬೇಸ್.

ಇದಕ್ಕಿಂತ ಸೂಕ್ಷ್ಮವಾದದ್ದು 140 ಬಿಪಿಎಂನ ಆಸುಪಾಸು. ಡಬ್‌ಸ್ಟೆಪ್, ಗ್ರೈಮ್, ಟ್ರ್ಯಾಪ್ ಎಂಬ ಉಪಪ್ರಕಾರಗಳು ಮೂರೂ ಅಲ್ಲಿಯೇ ನೆಲೆಸಿವೆ. ಮೊದಲಿನ ಎರಡು 2000ದ ದಶಕದ ಆರಂಭದಲ್ಲಿ ಲಂಡನ್ನಿನ ಗರಾಜ್ ಎಂಬ ಡ್ಯಾನ್ಸ್ ಸಂಗೀತದಿಂದ ಕವಲೊಡೆದವು: ದಕ್ಷಿಣದ ಕ್ರಾಯ್ಡನ್‌ನಲ್ಲಿ, ಬಿಗ್ ಆ್ಯಪಲ್ ಎಂಬ ರೆಕಾರ್ಡ್ ಅಂಗಡಿಯ ಸುತ್ತ ಸೇರಿದ ಹುಡುಗರ ಕೈಯಲ್ಲಿ ಡಬ್‌ಸ್ಟೆಪ್ ಬೆಳೆಯಿತು, ಪೂರ್ವದ ಬೋ ಪ್ರದೇಶದಲ್ಲಿ, ಅನಧಿಕೃತ ರೇಡಿಯೋ ಕೇಂದ್ರಗಳಲ್ಲಿ ಮೈಕ್ ಹಿಡಿದವರ ಮಾತಿನ ಓಘಕ್ಕೆ ತಕ್ಕಂತೆ ಗ್ರೈಮ್ ರೂಪುಗೊಂಡಿತು. ಈ ಹಿನ್ನೆಲೆ ಟ್ಯಾಗ್ ಹಾಕುವವರಿಗೂ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಗ್ರೈಮ್‌ನಲ್ಲಿ ಸಂಗೀತವು ಎಂಟೆಂಟು ಬಾರ್‌ಗಳಿಗೆ ತಿರುವು ಪಡೆಯುತ್ತದೆ, ಏಕೆಂದರೆ ಮಾತಿನವರ ಸರದಿಗೆ ಆ ಅಳತೆ ಒಗ್ಗುತ್ತದೆ. ಬೇಸ್‌ನ ದನಿ ಒರಟಾಗಿ, ಚೂಪಾಗಿ ಇರುತ್ತದೆ. ಡಬ್‌ಸ್ಟೆಪ್‌ನಲ್ಲಿ ಸ್ನೇರ್ ಮೂರನೆಯ ಬೀಟ್ ಮೇಲೆ ಮಾತ್ರ ಬೀಳುವುದರಿಂದ ವೇಗ 140 ಇದ್ದರೂ ದೇಹಕ್ಕೆ 70ರಂತೆ ತೋರುತ್ತದೆ, ಮತ್ತು ಖಾಲಿ ಬಿಟ್ಟ ಜಾಗವನ್ನೆಲ್ಲ ತಳದ ಬೇಸ್ ಆಕ್ರಮಿಸಿಕೊಳ್ಳುತ್ತದೆ. ಆ ಬೇಸ್ ಲ್ಯಾಪ್‌ಟಾಪ್ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಹಳೆಯ ಡಬ್‌ಸ್ಟೆಪ್ ಟ್ರ್ಯಾಕ್ ಒಂದನ್ನು ಲ್ಯಾಪ್‌ಟಾಪಿನಲ್ಲಿ ಕೇಳಿದರೆ, ಒಂದು ಸ್ನೇರ್, ನಾಲ್ಕಾರು ಚೂರು ಸದ್ದು, ಉಳಿದದ್ದೆಲ್ಲ ಮೌನ ಎನ್ನಿಸುತ್ತದೆ. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡಾಗ ಅದೇ ಮೌನದ ಅಡಿಯಲ್ಲಿ ಪೂರ್ತಿ ರಾಗವೊಂದು ಚಲಿಸುತ್ತಿರುತ್ತದೆ. ಹೆಡ್‌ಫೋನ್ ಇಲ್ಲದೆ ಈ ವಿಭಾಗದ ಯಾವ ಟ್ಯಾಗನ್ನೂ ಅಂತಿಮಗೊಳಿಸಬಾರದು ಎಂದು ನಾನು ಹಟ ಹಿಡಿಯುವುದು ಇದೇ ಕಾರಣಕ್ಕೆ.

ಟ್ರ್ಯಾಪ್ ಬಂದದ್ದು ಅಮೆರಿಕದ ದಕ್ಷಿಣ ಭಾಗದ ರ‍್ಯಾಪ್‌ನಿಂದ. ಅಲ್ಲಿಯೂ ಸ್ನೇರ್ ಮೂರನೆಯ ಬೀಟ್ ಮೇಲೆಯೇ ಇರುವುದರಿಂದ ಗೊಂದಲ ಸಹಜ. ಆದರೆ ಗಡಗಡನೆ ಉರುಳಿ, ನಡುವೆ ಮೂರರ ಗತಿಗೆ ಹೊರಳಿ ಮತ್ತೆ ಮರಳುವ ಹೈ-ಹ್ಯಾಟ್ (ಜೋಡಿ ತಾಳದಂಥ ವಾದ್ಯ) ಟ್ರ್ಯಾಪ್‌ನ ಸಹಿ. ರೋಲ್ಯಾಂಡ್ ಟಿಆರ್-808 ಎಂಬ ಡ್ರಮ್ ಯಂತ್ರದಿಂದ ಬಂದ ಕಿಕ್ ಅನ್ನು ಉದ್ದಕ್ಕೆ ಎಳೆದು, ಶ್ರುತಿ ಸೇರಿಸಿ, ಅದನ್ನೇ ಬೇಸ್ ಆಗಿ ನುಡಿಸುವುದು ಇನ್ನೊಂದು ಗುರುತು.

ಜಂಗಲ್ ಮತ್ತು ಡ್ರಮ್ ಅಂಡ್ ಬೇಸ್ ನಡುವಿನ ವ್ಯತ್ಯಾಸ ಡ್ರಮ್ಮಿನಲ್ಲಿಯೇ ಇದೆ. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಒಂದು ಧ್ವನಿಮುದ್ರಿಕೆಯಲ್ಲಿ ಗ್ರೆಗರಿ ಕೋಲ್‌ಮನ್ ನುಡಿಸಿದ ಸುಮಾರು ಆರು ಸೆಕೆಂಡಿನ ಡ್ರಮ್ ಭಾಗವನ್ನು 1990ರ ದಶಕದ ಆದಿಯ ಜಂಗಲ್ ಕಲಾವಿದರು ಚೂರು ಚೂರು ಮಾಡಿ, ವೇಗ ಹೆಚ್ಚಿಸಿ, ಪ್ರತಿ ಬಾರ್‌ನಲ್ಲಿಯೂ ಬೇರೆ ಬೇರೆ ಕ್ರಮದಲ್ಲಿ ಜೋಡಿಸಿದರು. ಹಾಗಾಗಿ ಜಂಗಲ್‌ನಲ್ಲಿ ಸ್ನೇರ್ ಮುಂದೆ ಎಲ್ಲಿ ಬೀಳುತ್ತದೆ ಎಂದು ಊಹಿಸುವುದು ಕಷ್ಟ, ಅದರ ಕೆಳಗೆ ರೆಗೆ ಸಂಗೀತದ ನಿಧಾನವಾದ ಬೇಸ್ ಇರುತ್ತದೆ. ಡ್ರಮ್ ಅಂಡ್ ಬೇಸ್‌ನ ಹೆಚ್ಚಿನ ಟ್ರ್ಯಾಕ್‌ಗಳಲ್ಲಿ ಡ್ರಮ್ ಸ್ವಚ್ಛವಾಗಿ, ನಿಯತವಾಗಿ ಸಾಗುತ್ತದೆ. ಆ ಆರು ಸೆಕೆಂಡಿನಿಂದ ಒಂದು ಇಡೀ ಸಂಗೀತ ಪರಂಪರೆ ಹುಟ್ಟಿತು, ಆದರೆ ಅದನ್ನು ನುಡಿಸಿದಾತನಿಗೆ ಅದರಿಂದ ಗೌರವಧನ ದೊರೆಯಲಿಲ್ಲ ಎಂಬ ಸಂಗತಿಯನ್ನು ನಾನು ಹೊಸಬರಿಗೆ ತಪ್ಪದೆ ಹೇಳುತ್ತೇನೆ. ಹಕ್ಕು ಮತ್ತು ಹೆಸರುಗಳನ್ನು ದಾಖಲಿಸುವುದೂ ನಮ್ಮ ವೃತ್ತಿಯ ಭಾಗವಲ್ಲವೇ.

ಸೈಟ್ರಾನ್ಸ್ ಅನ್ನು ಉಳಿದ ಟ್ರಾನ್ಸ್‌ನಿಂದ ಬೇರ್ಪಡಿಸಲು ಕಿವಿಯ ಜೊತೆಗೆ ಕಣ್ಣೂ ನೆರವಾಗುತ್ತದೆ. ಟ್ರ್ಯಾಕ್‌ನ ಅಲೆಯ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದರೆ, ಒಂದು ದಪ್ಪ ಕಿಕ್, ಅದರ ಹಿಂದೆಯೇ ಸಮಾನ ಅಂತರದಲ್ಲಿ ಮೂರು ಸಣ್ಣ ಬೇಸ್ ಗುರುತುಗಳು, ಮತ್ತೆ ಕಿಕ್, ಹೀಗೆ ಸಾಲುಗಟ್ಟಿರುವುದು ಕಾಣುತ್ತದೆ. 145 ಬಿಪಿಎಂನಲ್ಲಿ ಈ ಒಂದೊಂದು ಗುರುತಿಗೂ ಸಿಗುವ ಅವಧಿ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. 138ರ ಸುಮಾರಿನ ಅಪ್‌ಲಿಫ್ಟಿಂಗ್ ಟ್ರಾನ್ಸ್‌ನಲ್ಲಿ ಒತ್ತು ರಾಗದ ಮೇಲಿದ್ದು, ನಡುವೆ ಡ್ರಮ್ ಪೂರ್ತಿ ನಿಂತುಹೋಗುವ ದೀರ್ಘ ವಿರಾಮ ಬರುತ್ತದೆ. ಅಂಜುನಾ ಕಡಲತೀರದ ಕೂಟಗಳಿಂದ 1990ರ ದಶಕದಲ್ಲಿ ಹೆಸರು ಪಡೆದ ಗೋವಾ ಟ್ರಾನ್ಸ್ ಸೈಟ್ರಾನ್ಸ್‌ಗೆ ಹಿರಿಯದು. ಅದರಲ್ಲಿ ಒಂದರ ಮೇಲೊಂದು ಸುತ್ತಿಕೊಳ್ಳುವ ಸ್ವರಮಾಲೆಗಳು ಹೆಚ್ಚು.

ಹೌಸ್ ಮತ್ತು ಟೆಕ್ನೊ ಕುರಿತು ಇಲ್ಲಿ ಹೆಚ್ಚು ಹೇಳುವುದಿಲ್ಲ, ಏಕೆಂದರೆ ನಾಲ್ಕೂ ಬೀಟ್‌ಗಳಲ್ಲಿ ಕಿಕ್ ಬೀಳುವ ಇವೆರಡರಲ್ಲಿ ಸ್ನೇರ್‌ನ ಸ್ಥಾನ ನಮಗೆ ನೆರವಾಗದು. ಟೆಕ್ ಹೌಸ್‌ನಲ್ಲಿ ಬೇಸ್ ಪುಟಿಯುವ ಒಂದು ಸಾಲಾಗಿ ಹಾಡುತ್ತದೆ. ಈಚಿನ ಟೆಕ್ನೊದಲ್ಲಿ ಕಿಕ್‌ನ ಪ್ರತಿಧ್ವನಿಯನ್ನೇ ಸೋಸಿ ತಯಾರಿಸಿದ ಗುಡುಗಿನಂಥ ಮೊರೆತ ಬೇಸ್‌ನ ಕೆಲಸ ಮಾಡುತ್ತದೆ. ಮೆಲೊಡಿಕ್ ಟೆಕ್ನೊ ಎಂದು ಮಾರಾಟವಾಗುವ ಬಹುಪಾಲು ಸಂಗೀತ, ನನ್ನ ಕಿವಿಗೆ, 1990ರ ದಶಕದ ಬ್ರಿಟಿಷ್ ಪ್ರೋಗ್ರೆಸಿವ್ ಹೌಸ್‌ನ ಸಂತತಿ.

ಎರಡರ ಗಡಿಯಲ್ಲಿ ನಿಲ್ಲುವ ಟ್ರ್ಯಾಕ್‌ಗಳಿಗೆ ನಾವು ಒಂದು ಮುಖ್ಯ ಟ್ಯಾಗ್ ಮತ್ತು ಒಂದು ಉಪ ಟ್ಯಾಗ್ ಹಾಕಿ, ಟಿಪ್ಪಣಿಯ ಅಂಕಣದಲ್ಲಿ ಕಾರಣವನ್ನು ಒಂದು ವಾಕ್ಯದಲ್ಲಿ ಬರೆಯುತ್ತೇವೆ. ಆ ವಾಕ್ಯದಲ್ಲಿ ಕಿಕ್, ಸ್ನೇರ್ ಅಥವಾ ಬೇಸ್ ಕುರಿತು ಏನಾದರೂ ಇರಲೇಬೇಕು. ಬಿಪಿಎಂ ಒಂದನ್ನೇ ಬರೆದ ಟಿಪ್ಪಣಿಯನ್ನು ನಾನು ಮರುಪರಿಶೀಲನೆಗೆ ಹಿಂದಿರುಗಿಸುತ್ತೇನೆ.